ಮೊದಲ ಸೂಜಿ ಯಾರ ತೋಳಿಗೆ?

ರಮಝಾನ್ ಬಂತೆಂದರೆ ಹರಿಹರದ ನಮ್ಮ ಮೊಹಲ್ಲಾದಲ್ಲಿ ಒಂದು ಪ್ರಶ್ನೆ ಪ್ರತಿವರ್ಷವೂ ನನ್ನನ್ನು ಹುಡುಕಿಕೊಂಡು ಬರುತ್ತದೆ. “ಮೌಲವಿ ಸಾಬ್, ಶುಗರ್ ಟೆಸ್ಟಿಗೆ ರಕ್ತ ಕೊಟ್ಟರೆ ರೋಝಾ ಮುರಿಯುತ್ತದೆಯೇ?” ಮುರಿಯುವುದಿಲ್ಲ ಎಂದು ಹೇಳುತ್ತೇನೆ. ರಕ್ತ ಕೊಟ್ಟು ನಿಶ್ಶಕ್ತಿಯಾಗಿ ರೋಝಾ ಪೂರೈಸಲಾಗದ ಸ್ಥಿತಿ ತಂದುಕೊಳ್ಳಬಾರದು ಎಂಬ ಎಚ್ಚರಿಕೆಯನ್ನಷ್ಟೇ ಸೇರಿಸುತ್ತೇನೆ. “ಹಾಗಾದರೆ ವುಝೂ?” ಹನಫೀ ಮದ್‌ಹಬ್‌ನ ಪ್ರಕಾರ ಹರಿಯುವಷ್ಟು ರಕ್ತ ಹೊರಬಂದರೆ ವುಝೂ ಹೋಗುತ್ತದೆ, ಮತ್ತೆ ಮಾಡಿಕೊಳ್ಳಬೇಕು. ಕರಾವಳಿಯ ಶಾಫಿಈ ಸಹೋದರರ ಪ್ರಕಾರ ಹೋಗುವುದಿಲ್ಲ. ಕೇಳಿದವರು ಸಮಾಧಾನದಿಂದ ಹಿಂತಿರುಗುತ್ತಾರೆ.

ನಮ್ಮ ಆರಾಧನೆಗೆ ಭಂಗ ಬಾರದಿರಲಿ ಎಂಬ ಈ ಕಾಳಜಿ ಮೆಚ್ಚತಕ್ಕದ್ದೇ. ಆದರೆ ಅದೇ ಸೂಜಿಯ ವಿಷಯದಲ್ಲಿ ಇನ್ನೊಂದು ಪ್ರಶ್ನೆಯಿದೆ. ಅದನ್ನು ಇದುವರೆಗೆ ಯಾರೂ ನನ್ನಲ್ಲಿ ಕೇಳಿಲ್ಲ. ನಾನೂ ನನ್ನನ್ನು ಕೇಳಿಕೊಂಡಿರಲಿಲ್ಲ. ರಕ್ತ ತೆಗೆಯುವ ಪ್ರತಿಯೊಂದು ಪಳಗಿದ ಕೈಯೂ ಒಂದು ದಿನ ಪಳಗದ ಕೈಯಾಗಿತ್ತು. ಅದು ಯಾರ ತೋಳಿನ ಮೇಲೆ ಪಳಗಿತು? ಆ ತೋಳಿನ ಒಡೆಯನನ್ನು ಯಾರಾದರೂ ಒಂದು ಮಾತು ಕೇಳಿದ್ದರೇ?

ಒಂದು ಮುಂಜಾನೆ

ನನ್ನ ತಾಯಿಯ ಅಣ್ಣನನ್ನು ನಾವು ಬಡೇ ಮಾಮು ಎಂದು ಕರೆಯುತ್ತೇವೆ. ದಾವಣಗೆರೆಯ ಮಂಡಕ್ಕಿ ಭಟ್ಟಿಯೊಂದರಲ್ಲಿ ನಲವತ್ತು ವರ್ಷ ಬೆಂಕಿಯ ಮುಂದೆ ನಿಂತು ದುಡಿದವರು. ಈಗ ಸಕ್ಕರೆ ಕಾಯಿಲೆ. ಕಾಲಿನ ಗಾಯ ಮಾಯದೆ ಹೋದಾಗ ಅವರನ್ನು ಒಂದು ಆಸ್ಪತ್ರೆಯ ಉಚಿತ ವಾರ್ಡಿಗೆ ಸೇರಿಸಿದೆವು. ಒಂದು ದಿನ ಫಜ್ರ್ ನಮಾಝ್ ಮುಗಿಸಿ ಹರಿಹರದಿಂದ ಬಸ್ಸು ಹಿಡಿದು, ಸುಮಾರು 14 ಕಿಲೋಮೀಟರ್ ದಾರಿ ಸವೆಸಿ ನಾನು ವಾರ್ಡಿಗೆ ಹೋದಾಗ, ಬಿಳಿ ಕೋಟು ತೊಟ್ಟ ಚಿಕ್ಕ ವಯಸ್ಸಿನ ವಿದ್ಯಾರ್ಥಿನಿಯೊಬ್ಬಳು ಅವರ ತೋಳಿಗೆ ರಬ್ಬರ್ ಪಟ್ಟಿ ಬಿಗಿಯುತ್ತಿದ್ದಳು.

“ಅಜ್ಜಾ, ಮುಷ್ಟಿ ಬಿಗಿ ಹಿಡೀರಿ” ಎಂದಳು. ಚುಚ್ಚಿದಳು. ರಕ್ತ ಬರಲಿಲ್ಲ. ಸೂಜಿಯನ್ನು ಸ್ವಲ್ಪ ಹಿಂದಕ್ಕೆ, ಸ್ವಲ್ಪ ಪಕ್ಕಕ್ಕೆ ಸರಿಸಿದಳು. ಬರಲಿಲ್ಲ. “ನರ ಸಿಗ್ತಿಲ್ಲ ಅಜ್ಜಾ, ಇನ್ನೊಂದ್ಸಲ ನೋಡ್ತೀನಿ” ಎಂದಳು. ಎರಡನೆಯದು, ನಂತರ ಇನ್ನೊಂದು ತೋಳಿಗೆ ಮೂರನೆಯದು. ಅವಳ ಹಣೆಯಲ್ಲಿ ಬೆವರಿತ್ತು, ಕೈ ಸಣ್ಣಗೆ ನಡುಗುತ್ತಿತ್ತು. ಕೊನೆಗೆ ಒಬ್ಬ ಹಿರಿಯ ಸಿಸ್ಟರ್ ಬಂದು, ಬೆರಳಿನಿಂದ ಒಮ್ಮೆ ಒತ್ತಿ ನೋಡಿ, ಒಂದೇ ಸಲಕ್ಕೆ ರಕ್ತ ತೆಗೆದು ಮುಂದಿನ ಹಾಸಿಗೆಗೆ ಹೋದರು. ಮಾಮುವಿನ ಎರಡೂ ಮೊಣಕೈಗಳ ಒಳಮಡಿಕೆಯಲ್ಲಿ ನೀಲಿ ಕಲೆ ಮೂಡಿತು.

ನನಗೆ ತಡೆಯಲಾರದಷ್ಟು ಸಿಟ್ಟು ಬಂತು. “ದುಡ್ಡು ಕೊಟ್ಟವರ ತೋಳಾಗಿದ್ದರೆ ಹೀಗೆ ಕಲಿಯುತ್ತಿದ್ದರೇ?” ಎಂದು ಜೋರಾಗಿಯೇ ಹೇಳಿದೆ. ಹುಡುಗಿಯ ಮುಖ ಕಪ್ಪಿಟ್ಟಿತು. ಮಾಮು ನನ್ನ ಕೈ ಹಿಡಿದು, “ಇರಲಿ ಬಿಡು, ಕಲೀಲಿ. ಕಲಿಯದೆ ಹೇಗೆ ಬರುತ್ತೆ?” ಎಂದರು.

ಓದುಗ ಬಂಧುಗಳೇ, ಆ ದಿನ ಇಬ್ಬರಲ್ಲಿ ಯಾರು ಸರಿ? ಸಿಟ್ಟಾದ ನಾನೇ, ಸುಮ್ಮನಿದ್ದ ಮಾಮುವೇ? ಬಹಳ ದಿನ ಈ ಬಗ್ಗೆ ಯೋಚಿಸಿದೆ. ಇಬ್ಬರೂ ಅರ್ಧ ಸರಿ ಎಂದೇ ಈಗ ನನಗೆ ಅನಿಸುತ್ತದೆ. ಉಳಿದ ಅರ್ಧ ಏನು ಎಂಬುದನ್ನು ನಿಮ್ಮ ಮುಂದಿಡಲು ಈ ಲೇಖನ.

ಪುಸ್ತಕ ಕಲಿಸಲಾರದ ವಿದ್ಯೆ

ರಕ್ತ ತೆಗೆಯುವುದು ನೋಡುವವರಿಗೆ ಬಲು ಸಣ್ಣ ಕೆಲಸ. ಒಂದು ನಳಿಕೆಗೆ ಬೇಕಾದದ್ದು ಎರಡರಿಂದ ಐದು ಮಿಲಿಲೀಟರ್. ವಯಸ್ಕನ ದೇಹದಲ್ಲಿ ಸುಮಾರು ಐದು ಲೀಟರ್ ರಕ್ತವಿರುವುದರಿಂದ ಹೋಗುವುದು ಹೆಚ್ಚೆಂದರೆ ಸಾವಿರದಲ್ಲಿ ಒಂದು ಪಾಲು. ಆದರೆ ಕೈಗೆ ಇದು ಸುಲಭದ ಕೆಲಸವಲ್ಲ. ಪಟ್ಟಿಯನ್ನು ಮೊಣಕೈಯಿಂದ ನಾಲ್ಕೈದು ಬೆರಳು ಮೇಲೆ ಕಟ್ಟಬೇಕು. ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಬಿಗಿದಿಟ್ಟರೆ ಪರೀಕ್ಷೆಯ ಫಲಿತಾಂಶವೇ ಏರುಪೇರಾಗಬಹುದು. ಸ್ಪಿರಿಟ್ ಹಚ್ಚಿದ ಜಾಗ ಒಣಗುವವರೆಗೆ ಕಾಯಬೇಕು. ಸೂಜಿಯ ತುದಿಯ ಇಳಿಜಾರು ಮೇಲ್ಮುಖವಾಗಿರಬೇಕು, ಚರ್ಮಕ್ಕೆ ಮೂವತ್ತು ಡಿಗ್ರಿಗಿಂತ ಹೆಚ್ಚು ಕಡಿದಾಗಿ ಇಳಿಯಬಾರದು. ಮೊಣಕೈ ಮಡಿಕೆಯಲ್ಲಿ ರಕ್ತನಾಳದ ಆಳದಲ್ಲೇ ಧಮನಿಯೂ ನರತಂತುವೂ ಹಾದುಹೋಗುತ್ತವೆ. ಆಳ ತಪ್ಪಿದರೆ ನೋವು ಬೇರೆಯೇ. ಸೂಜಿ ತೆಗೆಯುವ ಮೊದಲು ಪಟ್ಟಿ ಸಡಿಲಿಸಬೇಕು. ನಳಿಕೆಯ ಮೇಲೆ ರೋಗಿಯ ಹೆಸರನ್ನು ಅವನ ಎದುರಿನಲ್ಲಿಯೇ ಬರೆಯಬೇಕು.

ಇಷ್ಟೆಲ್ಲ ಪುಸ್ತಕದಲ್ಲಿದೆ. ಇಲ್ಲದಿರುವುದು ಒಂದೇ: ಬೆರಳಿನ ತುದಿಗೆ ನಾಳ ಪುಟಿಯುವ ಆ ಸ್ಪರ್ಶ, ಸೂಜಿ ನಾಳದ ಗೋಡೆ ದಾಟಿದಾಗ ಕೈಗೆ ತಿಳಿಯುವ ಸಡಿಲ. ಮುದುಕರಲ್ಲಿ ನಾಳ ಚರ್ಮದಡಿ ಜಾರುತ್ತದೆ. ರಾತ್ರಿಯಿಡೀ ಏನನ್ನೂ ಕುಡಿಯದವರಲ್ಲಿ ಬತ್ತಿ ಚಪ್ಪಟೆಯಾಗುತ್ತದೆ. ಖಾಲಿ ಹೊಟ್ಟೆಯ ಸಕ್ಕರೆ ಪರೀಕ್ಷೆಗೆ ಹೋಗುವವರು ಬರೀ ನೀರು ಕುಡಿಯಬಹುದು ಎಂಬುದೇ ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಮಾಮುವಿಗೂ ಗೊತ್ತಿರಲಿಲ್ಲ. ಈ ಸ್ಪರ್ಶಜ್ಞಾನ ಬರುವುದು ಜೀವಂತ ತೋಳಿನಿಂದ, ಅನೇಕ ತೋಳುಗಳಿಂದ. ಹಾಗಾಗಿ ‘ಮೊದಲ ತೋಳು’ ಎಂಬುದೊಂದು ಎಲ್ಲೋ ಇರಲೇಬೇಕು. ಅದನ್ನು ಇಲ್ಲವಾಗಿಸಲು ಯಾರಿಂದಲೂ ಆಗದು.

ದಾವಣಗೆರೆಯವರಾದ ನಮಗೆ ಇದು ದೂರದ ಮಾತಲ್ಲ. 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಆರಂಭವಾದಾಗಿನಿಂದ ಈ ಊರು ವೈದ್ಯರನ್ನು ಬೆಳೆಸುತ್ತ ಬಂದಿದೆ. ನಂತರ ಎಸ್.ಎಸ್. ವೈದ್ಯಕೀಯ ಕಾಲೇಜು ಬಂತು, ನರ್ಸಿಂಗ್ ಶಾಲೆಗಳು ಬಂದವು, ಲ್ಯಾಬ್ ಟೆಕ್ನಿಷಿಯನ್ ತರಬೇತಿ ಬಂತು. ಹರಿಹರ, ಹರಪನಹಳ್ಳಿ, ಚನ್ನಗಿರಿ, ರಾಣೆಬೆನ್ನೂರಿನ ಕಡೆಯ ರೋಗಿಗಳು ಇಲ್ಲಿಗೆ ಬರುವುದು ಈ ಕಾಲೇಜುಗಳಿರುವುದರಿಂದಲೇ. ಅಂದರೆ ನಮ್ಮ ಊರು ಆರೋಗ್ಯವನ್ನು ಪಡೆಯುವ ಊರೂ ಹೌದು, ಕಲಿಯುವ ಕೈಗಳಿಗೆ ತೋಳು ಕೊಡುವ ಊರೂ ಹೌದು.

ಹಾಗಾದರೆ ಕಲಿಯುವುದು ತಪ್ಪೇ? ಖಂಡಿತ ಅಲ್ಲ. ಇಮಾಮ್ ಗಝಾಲಿ(ರಹ್) ‘ಇಹ್ಯಾ ಉಲೂಮುದ್ದೀನ್’ ಗ್ರಂಥದಲ್ಲಿ ವೈದ್ಯವಿದ್ಯೆಯನ್ನು ಫರ್ಝ್ ಕಿಫಾಯಾ ಎಂದು ಎಣಿಸಿದ್ದಾರೆ. ಊರಿನಲ್ಲಿ ಅದನ್ನು ಬಲ್ಲವರು ಒಬ್ಬರೂ ಇಲ್ಲದಿದ್ದರೆ ಇಡೀ ಊರೇ ಪಾಪಕ್ಕೆ ಹೊಣೆ. ಎಲ್ಲರೂ ಕರ್ಮಶಾಸ್ತ್ರ ಕಲಿಯಲು ಮುಗಿಬೀಳುತ್ತಾರೆ, ವೈದ್ಯವನ್ನು ಕೈಬಿಡುತ್ತಾರೆ ಎಂದು ಅವರು ತಮ್ಮ ಕಾಲದವರ ಮೇಲೆ ಬೇಸರಪಟ್ಟಿದ್ದಾರೆ. ವೈದ್ಯವಿದ್ಯೆ ಇಡೀ ಊರಿನ ಕರ್ತವ್ಯವಾದರೆ ಅದನ್ನು ಕಲಿಯುವವರ ನಡುಗುವ ಕೈಯನ್ನು ಸಹಿಸುವುದೂ ಊರಿನ ಕರ್ತವ್ಯದ ಒಂದು ಪಾಲು. ಮಾಮು ಹೇಳಿದ “ಕಲೀಲಿ” ಎಂಬ ಮಾತಿನಲ್ಲಿದ್ದ ಸತ್ಯ ಇದು.

ನಾನೂ ಹಾಗೆ ಕಲಿತವನೇ. ಮದ್ರಸಾದಲ್ಲಿ ನನ್ನ ಮೊದಲ ವರ್ಷದ ಮಕ್ಕಳು ಇಂದಿಗೂ ನೆನಪಿದ್ದಾರೆ. ಒಬ್ಬ ಹುಡುಗನಿಗೆ ‘ಳಾದ್’ ಅಕ್ಷರದ ಉಚ್ಚಾರ ತಿದ್ದಲು ತಿಳಿಯದೆ ಗದರಿಸಿ ಗದರಿಸಿ ಅವನು ಬಾಯಿ ತೆರೆಯದಂತೆ ಮಾಡಿದ್ದೆ. ಅದನ್ನು ತಾಳ್ಮೆಯಿಂದ ಹೇಗೆ ಕಲಿಸಬೇಕೆಂಬುದು ಗೊತ್ತಾಗುವ ಹೊತ್ತಿಗೆ ಅವನು ಮದ್ರಸಾ ಬಿಟ್ಟಿದ್ದ. ಇಂದು ನನ್ನನ್ನು ಒಳ್ಳೆಯ ಉಸ್ತಾದ್ ಎನ್ನುವವರಿದ್ದಾರೆ. ಆ ಹೆಸರಿನಲ್ಲಿ ಆ ಹುಡುಗನ ಪಾಲೂ ಇದೆ. ಅವನಿಗೆ ಮಾತ್ರ ಅದರಿಂದ ಏನೂ ಸಿಗಲಿಲ್ಲ. ವಾರ್ಡಿನಲ್ಲಿ ಆ ವಿದ್ಯಾರ್ಥಿನಿಯ ಮೇಲೆ ಕೂಗಾಡಿದ ನನಗೆ ಈ ಹುಡುಗ ನೆನಪಾದದ್ದು ಬಹಳ ತಡವಾಗಿ.

ಕುಶಲತೆ ಮತ್ತು ಅನುಮತಿ

ಕಲಿಯುವುದು ತಪ್ಪಲ್ಲ ಎಂದಾದರೆ ಮತ್ತೇನು ತಪ್ಪಾಗಿತ್ತು? ಇಲ್ಲಿ ನಮ್ಮ ಹಿರಿಯರು ಯೋಚಿಸಿದ ಬಗೆಯನ್ನು ನೋಡಬೇಕು.

ವೈದ್ಯವಿದ್ಯೆಯಲ್ಲಿ ತಿಳಿವಳಿಕೆಯುಳ್ಳವನೆಂದು ಗುರುತಿಸಲ್ಪಡದವನು ಚಿಕಿತ್ಸೆಗೆ ಕೈಹಾಕಿದರೆ ಆಗುವ ಹಾನಿಗೆ ಅವನೇ ಹೊಣೆ ಎಂಬ ಆಶಯದ ಪ್ರವಾದಿವಚನವನ್ನು ಅಬೂದಾವೂದ್ ಮೊದಲಾದವರು ವರದಿ ಮಾಡಿದ್ದಾರೆ. ಇದರ ಬೆಳಕಿನಲ್ಲಿ, 1223ರಲ್ಲಿ ನಿಧನರಾದ ಇಬ್ನ್ ಖುದಾಮಾ(ರಹ್) ‘ಅಲ್ ಮುಗ್ನೀ’ ಗ್ರಂಥದಲ್ಲಿ ಹಿಜಾಮ ಮಾಡುವವನು, ಖತ್ನಾ ಮಾಡುವವನು, ವೈದ್ಯ ಇವರ ಹೊಣೆಯನ್ನು ಚರ್ಚಿಸಿದ್ದಾರೆ. ಅದರ ಸಾರ ಹೀಗಿದೆ: ಕೆಲಸದಲ್ಲಿ ಕುಶಲತೆ ಇದ್ದು, ಕೈ ಮಿತಿ ಮೀರದೆ, ಅನುಮತಿಯೂ ಇದ್ದರೆ ಅವರ ಮೇಲೆ ಹೊಣೆಯಿಲ್ಲ. ಕುಶಲತೆ ಇಲ್ಲದಿದ್ದರೆ ಹೊಣೆಯಿದೆ. ಅನುಮತಿ ಇಲ್ಲದಿದ್ದರೂ ಹೊಣೆಯಿದೆ. ಏಕೆಂದರೆ ಅನುಮತಿಯಿಲ್ಲದೆ ಇನ್ನೊಬ್ಬರ ದೇಹ ಕೊಯ್ಯುವ ಹಕ್ಕು ಎಷ್ಟೇ ಬಲ್ಲವನಿಗೂ ಇಲ್ಲ.

ಈಗ ಆ ವಾರ್ಡನ್ನು ಈ ಎರಡು ಷರತ್ತುಗಳ ಮುಂದಿಟ್ಟು ನೋಡಿ. ಕಲಿಯುವವರಲ್ಲಿ ಕುಶಲತೆ ಇನ್ನೂ ತುಂಬಿರುವುದಿಲ್ಲ. ಅದು ಅವರ ತಪ್ಪಲ್ಲ, ಕಲಿಕೆಯ ಸ್ವಭಾವವೇ ಹಾಗೆ. ಆದರೆ ಒಂದು ಷರತ್ತು ಅರ್ಧವಾದಾಗ ಇನ್ನೊಂದು ಇಮ್ಮಡಿಯಾಗಬೇಡವೇ? ಕುಶಲತೆ ಕಡಿಮೆಯಿರುವಲ್ಲಿ ಅನುಮತಿಯನ್ನು ಹೆಚ್ಚು ಸ್ಪಷ್ಟವಾಗಿ ಕೇಳಬೇಡವೇ? ನಮ್ಮಲ್ಲಿ ನಡೆಯುವುದು ತಿರುಗುಮುರುಗು. ಪಳಗಿದ ಕೈ ಇರುವಲ್ಲಿ, ಹಣ ಕೊಡುವ ಕಡೆ, ವಿನಯದಿಂದ ಕೇಳುತ್ತಾರೆ. ಪಳಗದ ಕೈ ಇರುವಲ್ಲಿ, ಉಚಿತ ಹಾಸಿಗೆಯ ಬಳಿ, ಕೇಳುವುದೇ ಇಲ್ಲ.

“ತೋಳು ಚಾಚಿದ ಮೇಲೆ ಒಪ್ಪಿಗೆ ಕೊಟ್ಟಂತೆಯೇ ಅಲ್ಲವೇ?” ಎಂದು ನೀವು ಕೇಳಬಹುದು. ಮಾಮು ತೋಳು ಚಾಚಿದ್ದು ಪರೀಕ್ಷೆಗೆ, ಅಭ್ಯಾಸಕ್ಕಲ್ಲ. ಇವೆರಡೂ ಬೇರೆ. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಸಹ, ರೋಗಿಯ ಒಪ್ಪಿಗೆ ಎಂದರೆ ಅಗತ್ಯವಾದ ವಿವರ ತಿಳಿದು ಕೊಟ್ಟ ನಿಜವಾದ ಒಪ್ಪಿಗೆ ಎಂದೂ, ಒಂದಕ್ಕೆ ಕೊಟ್ಟ ಒಪ್ಪಿಗೆಯನ್ನು ಇನ್ನೊಂದಕ್ಕೆ ಬಳಸಲಾಗದೆಂದೂ ಸ್ಪಷ್ಟಪಡಿಸಿತು. ಒಬ್ಬನ ಜೇಬಿನಿಂದ ಅವನನ್ನು ಕೇಳಿ ಪಡೆದ ಹತ್ತು ರೂಪಾಯಿ ಸದಕಾ. ಕೇಳದೆ ತೆಗೆದ ಹತ್ತು ರೂಪಾಯಿ ಕಳವು. ನೋಟು ಅದೇ, ಜೇಬೂ ಅದೇ. ತೋಳಿನ ವಿಷಯವೂ ಹೀಗೆಯೇ. ಕೇಳಿ ಚುಚ್ಚಿದ್ದರೆ ಮಾಮುವಿನ ಆ ಮೂರು ನೋವುಗಳು ಒಬ್ಬ ವೈದ್ಯೆಯನ್ನು ಬೆಳೆಸಲು ಅವರು ಕೊಟ್ಟ ದಾನವಾಗುತ್ತಿದ್ದವು. ಕೇಳದೆ ಹೋದದ್ದರಿಂದ ಆ ದಾನದ ಅವಕಾಶವೂ ಅವರಿಂದ ತಪ್ಪಿಹೋಯಿತು.

ಬೀಟ್ ಸೊಪ್ಪಿನ ಪಾಠ

ಇಲ್ಲಿ ಒಂದು ಹಳೆಯ ಸಂಗತಿ ಹೇಳಬೇಕು. ಸುಲ್ತಾನ್ ಸಲಾಹುದ್ದೀನ್ ಅಯ್ಯೂಬಿಯ ಕಾಲದಲ್ಲಿ, ಹನ್ನೆರಡನೆಯ ಶತಮಾನದ ಸಿರಿಯಾದಲ್ಲಿ ಬದುಕಿದ್ದ ಶೈಝರಿ ಎಂಬ ವಿದ್ವಾಂಸರು ಪೇಟೆಯ ಕಸಬುಗಳ ಮೇಲ್ವಿಚಾರಕನಾದ ಮುಹ್ತಸಿಬ್‌ನಿಗಾಗಿ ಒಂದು ಕೈಪಿಡಿ ಬರೆದರು. ಅದರಲ್ಲಿ ರೊಟ್ಟಿ ಸುಡುವವರು, ಕಟುಕರು, ಬಟ್ಟೆ ವ್ಯಾಪಾರಿಗಳ ಜೊತೆಗೆ ನಾಳ ಕೊಯ್ದು ರಕ್ತ ತೆಗೆಯುವವರಿಗೂ ಒಂದು ಅಧ್ಯಾಯವಿದೆ. ಆಗ ರಕ್ತ ತೆಗೆಯುತ್ತಿದ್ದದ್ದು ರೋಗ ಕಳೆಯಲೆಂದು, ಈಗ ತೆಗೆಯುವುದು ರೋಗ ತಿಳಿಯಲೆಂದು. ಉದ್ದೇಶ ಬೇರೆಯಾದರೂ ಮೊಣಕೈ ಮಡಿಕೆಯ ಜಾಗ ಅದೇ.

ಆ ಅಧ್ಯಾಯದ ನಿಯಮಗಳನ್ನು ನೋಡಿ ಬೆರಗಾದೆ. ಬೆಳಕಿರುವ ಜಾಗದಲ್ಲಿ ಮಾತ್ರ ಕೊಯ್ಯಬೇಕು. ಉಪಕರಣ ಹರಿತವಾಗಿರಬೇಕು. ಮನಸ್ಸು ಕದಡಿದಾಗ ಕೈಹಾಕಬಾರದು. ಮಗುವಾದರೆ ಪೋಷಕನ ಅನುಮತಿ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಈ ಕೆಲಸ ಕಲಿಯಬಯಸುವವನು ಮೊದಲು ಬೀಟ್ ಜಾತಿಯ ಸೊಪ್ಪಿನ ಎಲೆ ಹಿಡಿದು, ಅದರ ನರಗಳನ್ನು ಕೊಯ್ಯುತ್ತ ಕೈ ನೆಟ್ಟಗಾಗುವವರೆಗೆ ಅಭ್ಯಾಸ ಮಾಡಬೇಕು.

ಎಂಟು ನೂರು ವರ್ಷಗಳ ಹಿಂದೆಯೇ, ಮನುಷ್ಯನ ತೋಳು ಕಲಿಕೆಯ ಮೊದಲ ಹಲಗೆಯಾಗಬಾರದು ಎಂಬ ತಿಳಿವಳಿಕೆ ಅದು. ಇಂದು ಎಲೆಯ ಬದಲು ಕೆಂಪು ನೀರು ತುಂಬಿದ ರಬ್ಬರಿನ ತೋಳುಗಳಿವೆ. 2019ರಲ್ಲಿ ದೇಶದ ಎಂ.ಬಿ.ಬಿ.ಎಸ್. ಪಠ್ಯಕ್ರಮ ಬದಲಾದಾಗ ಇಂಥ ಕೃತಕ ಅಂಗಗಳ ಮೇಲೆ ಕೈ ಪಳಗಿಸುವುದಕ್ಕೂ, ರೋಗಿಯೊಡನೆ ಮಾತನಾಡುವ ನೀತಿಯ ಪಾಠಕ್ಕೂ ಅದರಲ್ಲಿ ಜಾಗ ಸಿಕ್ಕಿತು. ನಿಯಮ ಬಂದದ್ದು ಸಂತೋಷವೇ. ಆದರೆ ರಬ್ಬರ್ ತೋಳಿನಿಂದ ನಿಜವಾದ ತೋಳಿಗೆ ಬರುವ ಆ ಒಂದು ಹೆಜ್ಜೆಯಲ್ಲಿ ಬಾಯಿ ತೆರೆದು ಕೇಳಬೇಕಾದ ಮಾತನ್ನು ಯಾವ ಪಠ್ಯಕ್ರಮವೂ ವಿದ್ಯಾರ್ಥಿಯ ಪರವಾಗಿ ಆಡಲಾರದು.

ಎರಡು ಆಕ್ಷೇಪಗಳು

ಇದನ್ನು ಸ್ನೇಹಿತರೊಬ್ಬರ ಮುಂದೆ ಹೇಳಿದಾಗ ಅವರು ಎರಡು ಆಕ್ಷೇಪ ಎತ್ತಿದರು. ಮೊದಲನೆಯದು: “ಚಿಕಿತ್ಸೆ ಉಚಿತ. ಅಷ್ಟು ಸಹಿಸಿಕೊಳ್ಳಬಾರದೇ?” ದಾನವನ್ನು ಹಂಗಿಸಿ, ನೋಯಿಸಿ ವ್ಯರ್ಥಗೊಳಿಸಬಾರದೆಂದು ಪವಿತ್ರ ಕುರ್‌ಆನ್ ಅಲ್‌ಬಕರಾ ಅಧ್ಯಾಯದಲ್ಲಿ ವಿಶ್ವಾಸಿಗಳನ್ನು ಎಚ್ಚರಿಸುತ್ತದೆ. ಉಚಿತ ಹಾಸಿಗೆ ಕೊಟ್ಟು ಅದರ ಬೆಲೆಯನ್ನು ತೋಳಿನಿಂದ ವಸೂಲು ಮಾಡಿದರೆ ಅದು ಉಚಿತವಾಗಿ ಉಳಿಯುವುದೇ? ಬಡವನಿಗೆ ಕೊಡಲು ಹಣವಿಲ್ಲದಿರಬಹುದು, ‘ಹೂಂ’ ಅಥವಾ ‘ಉಹೂಂ’ ಎನ್ನುವ ಹಕ್ಕು ಇಲ್ಲದಿಲ್ಲ.

ಎರಡನೆಯದು: “ಕೇಳಿದರೆ ಎಲ್ಲರೂ ಬೇಡವೆನ್ನುತ್ತಾರೆ. ಆಮೇಲೆ ವೈದ್ಯರು ಕಲಿಯುವುದೆಲ್ಲಿ?” ಈ ಪ್ರಶ್ನೆ ನನ್ನನ್ನು ನಿಜವಾಗಿ ಕಾಡಿತು. ಉತ್ತರಕ್ಕಾಗಿ ಮಾಮುವನ್ನೇ ಕೇಳಿದೆ. ಗಾಯ ಮಾಯ್ದು ಅವರು ಮನೆಗೆ ಬಂದಿದ್ದರು. “ಆ ಹುಡುಗಿ ಮೊದಲೇ, ನಾನಿನ್ನೂ ಕಲೀತಾ ಇದ್ದೀನಿ ಅಜ್ಜಾ, ನಿಮ್ಮ ಕೈ ಮೇಲೆ ನೋಡ್ಲಾ ಅಂತ ಕೇಳಿದ್ದರೆ ಏನು ಹೇಳ್ತಿದ್ದಿರಿ?” ಮಾಮು ನಕ್ಕರು. “ನಾನೇ ತೋಳು ಮುಂದೆ ಚಾಚ್ತಿದ್ದೆ. ಚುಚ್ಚಿದ್ದಕ್ಕೆ ಬೇಸರ ಇಲ್ಲಪ್ಪಾ. ಭಟ್ಟಿಯಲ್ಲಿ ಇದಕ್ಕಿಂತ ಎಷ್ಟೋ ಸುಟ್ಟುಕೊಂಡಿದ್ದೀನಿ. ಮೂರು ಸಲ ಚುಚ್ಚುವಾಗಲೂ ನನ್ನ ಮುಖ ಯಾರೂ ನೋಡ್ಲಿಲ್ಲ, ಅಷ್ಟೇ.”

ಎಲ್ಲರೂ ಮಾಮುವಿನಂತೆ ಒಪ್ಪುವುದಿಲ್ಲ, ನಿಜ. ಒಪ್ಪದವರನ್ನು ಬಿಡಬೇಕು. ಆದರೆ ಕೇಳುವ ಮೊದಲೇ ಜನರ ಔದಾರ್ಯವನ್ನು ಕಡಿಮೆ ಎಂದು ತೀರ್ಮಾನಿಸುವುದು ಕೆಟ್ಟ ಗುಮಾನಿ.

ನನ್ನದೇ ಪರೀಕ್ಷೆ

ಇಷ್ಟಕ್ಕೆ ಮುಗಿಸಿದ್ದರೆ ಈ ಲೇಖನ ಆಸ್ಪತ್ರೆಯವರಿಗೆ ಬುದ್ಧಿ ಹೇಳಿದಂತಾಗುತ್ತಿತ್ತು. ಆದರೆ ಎರಡು ತಿಂಗಳ ನಂತರ ನಡೆದದ್ದನ್ನು ಮುಚ್ಚಿಟ್ಟರೆ ಅದು ಪ್ರಾಮಾಣಿಕತೆಯಾಗದು.

ಹರಿಹರದ ಒಂದು ಲ್ಯಾಬಿಗೆ ನಾನೇ ರಕ್ತ ಕೊಡಲು ಹೋಗಿದ್ದೆ. ಹೊಸದಾಗಿ ಸೇರಿದ ಹುಡುಗನೊಬ್ಬ ಸೂಜಿ ಹಿಡಿದು ಬಂದು, ಬಹಳ ಗೌರವದಿಂದ, “ಸರ್, ನಾನು ಹೊಸಬ. ತೆಗೀಲಾ?” ಎಂದು ಕೇಳಿದ. ನೋಡಿ, ಕೇಳಿಯೇ ಕೇಳಿದ! ಇಷ್ಟು ದಿನ ನಾನು ಬಯಸಿದ್ದೇ ಅದು. ಆದರೆ ನನ್ನ ಬಾಯಿಂದ ಬಂದ ಮಾತೇನು? “ಸೀನಿಯರ್ ಯಾರೂ ಇಲ್ವಾ?” ಹಿರಿಯರು ಬಂದರು, ನೋವಿಲ್ಲದೆ ಮುಗಿಯಿತು. ಹೊರಗೆ ಬರುವಾಗ ಕಂಡೆ, ಆ ಹುಡುಗ ಬೆಂಚಿನ ಮೇಲೆ ಕುಳಿತಿದ್ದ ಒಬ್ಬ ವೃದ್ಧೆಯ ತೋಳಿಗೆ ಪಟ್ಟಿ ಕಟ್ಟುತ್ತಿದ್ದ. ನೋಡಿದರೆ ತುಂಗಭದ್ರೆಯ ದಂಡೆಯ ಯಾವುದೋ ಹಳ್ಳಿಯಿಂದ ಬಂದ ಕೂಲಿಯಾಕೆ. ಸೀನಿಯರನ್ನು ಕೇಳಬಹುದೆಂಬುದೇ ಅವರಿಗೆ ಗೊತ್ತಿದ್ದಂತೆ ಕಾಣಲಿಲ್ಲ.

ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡಿದಂತೆ ಎಂಬ ಗಾದೆಯನ್ನು ನಾನು ತರಗತಿಯಲ್ಲಿ ಎಷ್ಟು ಸಲ ವಿವರಿಸಿದ್ದೇನೋ! ಆ ದಿನ ಬಾವಿಗೆ ತಳ್ಳಿದವನು ನಾನೇ. ನನ್ನ ನಿರಾಕರಣೆಯಿಂದ ಮೊದಲ ಸೂಜಿ ಇಲ್ಲವಾಗಲಿಲ್ಲ. ನನ್ನ ತೋಳಿನಿಂದ ಆ ತಾಯಿಯ ತೋಳಿಗೆ ದಾಟಿತು, ಅಷ್ಟೇ. ನಿರಾಕರಿಸುವ ಹಕ್ಕು ನನಗಿತ್ತು, ನಿಜ. ಆದರೆ ಬೇಡವೆನ್ನಲು ಬಲ್ಲವರೆಲ್ಲ ಬೇಡವೆಂದರೆ ಉಳಿಯುವುದು ಬೇಡವೆನ್ನಲು ತಿಳಿಯದವರ ತೋಳು ಮಾತ್ರ. ವೈದ್ಯವಿದ್ಯೆ ಊರಿಗೆಲ್ಲ ಸೇರಿದ ಕರ್ತವ್ಯವೆಂದಾಗ ಅದರ ಫಲವನ್ನು ಎಲ್ಲರೂ ಉಣ್ಣಬೇಕು, ನೋವನ್ನು ಮಾತ್ರ ಬಡವರು ಉಣ್ಣಬೇಕು ಎಂದು ಎಲ್ಲಿ ಬರೆದಿದೆ?

ಪ್ರವಾದಿವರ್ಯರು(ಸ) ಹಿಜಾಮ ಮಾಡಿಸಿಕೊಂಡಾಗ ಆ ಕೆಲಸ ಮಾಡಿದವರು ಅಬೂ ತೈಬಾ ಎಂಬ ಗುಲಾಮ. ಅವರಿಗೆ ಧಾನ್ಯ ಕೊಡಿಸಿದ್ದಲ್ಲದೆ, ಅವರ ಒಡೆಯರೊಡನೆ ಮಾತನಾಡಿ ಅವರು ತೆರಬೇಕಾಗಿದ್ದ ಹಣವನ್ನೂ ಕಡಿಮೆ ಮಾಡಿಸಿದರೆಂದು ಹದೀಸ್ ಗ್ರಂಥಗಳಲ್ಲಿದೆ. ತಮ್ಮ ರಕ್ತ ತೆಗೆದ ಕೈಯ ಹಿಂದೆ ಒಬ್ಬ ಮನುಷ್ಯನಿದ್ದಾನೆ, ಅವನಿಗೂ ಕಷ್ಟಗಳಿವೆ ಎಂದು ಕಂಡ ನಡವಳಿಕೆ ಅದು. ಸೂಜಿ ಹಿಡಿದವರು ತೋಳಿನ ಹಿಂದಿನ ಮನುಷ್ಯನನ್ನು ಕಾಣಬೇಕು. ತೋಳು ಚಾಚಿದವರು ಸೂಜಿಯ ಹಿಂದಿನ ಮನುಷ್ಯನನ್ನು ಕಾಣಬೇಕು.

ಆದ್ದರಿಂದ ಈ ಊರಿನಲ್ಲಿ ವೈದ್ಯ, ನರ್ಸಿಂಗ್, ಲ್ಯಾಬ್ ಕಲಿಯುತ್ತಿರುವ ನಮ್ಮ ಮಕ್ಕಳಲ್ಲಿ ಒಂದು ಮಾತು: ರಬ್ಬರ್ ತೋಳಿನ ಮೇಲೆ ಕೈ ನೆಟ್ಟಗಾದ ಮೇಲೆಯೇ ರೋಗಿಯ ಬಳಿ ಬನ್ನಿ. ಹೆಸರು ಹೇಳಿ, ಕಲಿಯುತ್ತಿದ್ದೇನೆಂದು ಹೇಳಿ, ಕೇಳಿ. ಎರಡು ಸಲ ಸಿಗದಿದ್ದರೆ ಮೂರನೆಯದಕ್ಕೆ ಹಠ ಹಿಡಿಯದೆ ಹಿರಿಯರನ್ನು ಕರೆಯಿರಿ. ಅದು ಸೋಲಲ್ಲ, ಅಮಾನತ್ತನ್ನು ಕಾಯುವ ರೀತಿ. ಕಲಿಸುವ ಹಿರಿಯರಲ್ಲಿ: ಮೊದಲ ದಿನಗಳಲ್ಲಿ ಪಕ್ಕದಲ್ಲಿ ನಿಲ್ಲಿ. ಓದುಗರಾದ ನಿಮ್ಮಲ್ಲಿ, ನನ್ನನ್ನೂ ಸೇರಿಸಿ: ಆರೋಗ್ಯ ಗಟ್ಟಿಯಿದ್ದು, ನಾಳ ಚೆನ್ನಾಗಿ ಕಾಣುತ್ತಿದ್ದು, ಹೊಸ ಕೈಯೊಂದು ವಿನಯದಿಂದ ಕೇಳಿದರೆ ಒಮ್ಮೆಯಾದರೂ ತೋಳು ಚಾಚಿ. ಮಾಮುವಿನಂಥವರ ಸವೆದ ನಾಳಗಳು ಪಳಗಿದ ಕೈಗಳಿಗೆ ಮೀಸಲಿರಲಿ.

ಕಾಫ್ ಅಧ್ಯಾಯದಲ್ಲಿ ಅಲ್ಲಾಹನು ತಾನು ಮನುಷ್ಯನಿಗೆ ಅವನ ಕೊರಳ ನಾಳಕ್ಕಿಂತಲೂ ಹತ್ತಿರದಲ್ಲಿರುವೆನೆಂದು ತಿಳಿಸಿದ್ದಾನೆ. ಸೂಜಿ ನಾಳದವರೆಗೆ ಹೋಗುತ್ತದೆ. ಅವನು ಅದಕ್ಕಿಂತ ಒಳಗಿದ್ದು ಕೇಳಿದ ಮಾತನ್ನೂ ಕೇಳದೆ ಬಿಟ್ಟ ಮಾತನ್ನೂ ಬಲ್ಲನು. ಕಳೆದ ವಾರ ಮತ್ತೆ ಆ ಲ್ಯಾಬಿಗೆ ಹೋಗಿ ಆ ಹುಡುಗನನ್ನೇ ಕರೆದೆ. ಮೊದಲ ಸಲ ಸಿಗಲಿಲ್ಲ. ಎರಡನೆಯ ಸಲ ಸಿಕ್ಕಿತು. ನೀಲಿ ಕಲೆ ಇನ್ನೂ ಇದೆ.

ಇನ್ನೊಬ್ಬರ ದೇಹವನ್ನು ಅಮಾನತ್ತೆಂದು ಕಾಣುವ ಕೈಗಳನ್ನೂ, ಇನ್ನೊಬ್ಬರ ಕಲಿಕೆಗೆ ತಮ್ಮ ಪಾಲು ಕೊಡುವ ಮನಸ್ಸುಗಳನ್ನೂ ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್.